ಅಪಾಯ ಇನ್ನೂ ಮುಗಿಯದವರಿಗೆ ‘ಪಿಟಿಎಸ್‌ಡಿ ಕೋಚ್’ ಎಷ್ಟು ಉಪಯುಕ್ತ?

ಆಘಾತದ ನಂತರ ಉಳಿದುಬಿಡುವ ಮಾನಸಿಕ ಒತ್ತಡವನ್ನು, ಅಂದರೆ ಪಿಟಿಎಸ್‌ಡಿಯನ್ನು (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್), ಸ್ವತಃ ನಿಭಾಯಿಸಿಕೊಳ್ಳಲು ನೆರವಾಗುವ ‘ಪಿಟಿಎಸ್‌ಡಿ ಕೋಚ್’ ಎಂಬ ಮೊಬೈಲ್ ಆ್ಯಪ್ ಬಂದದ್ದು 2011ರಲ್ಲಿ. ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಗೆ ಸೇರಿದ ರಾಷ್ಟ್ರೀಯ ಪಿಟಿಎಸ್‌ಡಿ ಕೇಂದ್ರವು ಅಲ್ಲಿನ ರಕ್ಷಣಾ ಇಲಾಖೆಯ ಜೊತೆಗೂಡಿ ಇದನ್ನು ರೂಪಿಸಿತು. ಬಳಕೆ ಉಚಿತ, ಜಾಹೀರಾತಿನ ಕಾಟವಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ನಾವು ತುಂಬಿದ ವಿವರಗಳು ನಮ್ಮ ಫೋನಿನಲ್ಲೇ ಉಳಿಯುತ್ತವೆ. ಯುದ್ಧಭೂಮಿಯಿಂದ ಮರಳಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾದರೂ ಯಾರು ಬೇಕಾದರೂ ಬಳಸಬಹುದಾದ ಸಾಧನವಿದು. ಸಾಮಾನ್ಯ ಬಳಕೆದಾರರ ದೃಷ್ಟಿಯಿಂದ ಇದರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನಾನು ಇಲ್ಲಿ ನೋಡಹೊರಟಿರುವುದು ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಅಥವಾ ತೀವ್ರ ನಿಗಾ ಘಟಕದ ದೀರ್ಘವಾಸದಿಂದ ಹೊರಬಂದವರಿಗೆ ಇದು ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು. ಹೃದಯಾಘಾತದಿಂದ ಚೇತರಿಸಿಕೊಳ್ಳುವ ಕಾಲದಲ್ಲಿ ನಾನು ಇದನ್ನು ಬಳಸಿದ್ದೇನೆ, ಈಗಲೂ ಆಗಾಗ ತೆರೆಯುತ್ತೇನೆ.

ಕಾಯಿಲೆಯಿಂದ ಪಿಟಿಎಸ್‌ಡಿ ಬರುವುದುಂಟೇ ಎಂದು ಕೇಳುವವರು ಇನ್ನೂ ಇದ್ದಾರೆ, ವೈದ್ಯರಲ್ಲೂ ಇದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ ಹೃದಯಾಘಾತ ಅಥವಾ ಅದರ ಸಮೀಪದ ತೀವ್ರ ಹೃದಯ ತೊಂದರೆಗೆ ಒಳಗಾದವರಲ್ಲಿ ಸುಮಾರು ಶೇ 12ರಷ್ಟು ಮಂದಿಯಲ್ಲಿ ಗಮನಾರ್ಹ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಮತ್ತು ಅಂಥವರಿಗೆ ಮತ್ತೆ ಹೃದಯದ ತೊಂದರೆ ಅಥವಾ ಸಾವು ಎದುರಾಗುವ ಸಂಭವ ಉಳಿದವರಿಗಿಂತ ಸರಿಸುಮಾರು ಎರಡು ಪಟ್ಟು. ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆಯಂತೆ ಬಂದುಹೋಗುವ ಅಲ್ಪಕಾಲದ ಆಘಾತದ ಬಳಿಕ ಮೊದಲ ವರ್ಷದಲ್ಲಿ ಈ ಪ್ರಮಾಣ ಶೇ 23ರ ಆಸುಪಾಸಿಗೆ ಏರುತ್ತದೆ. ತೀವ್ರ ನಿಗಾ ಘಟಕದಿಂದ ಬದುಕಿ ಬಂದವರಲ್ಲಿ ಐವರಲ್ಲಿ ಒಬ್ಬರಿಗಾದರೂ ಲಕ್ಷಣಗಳಿರುತ್ತವೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಆದರೂ ರೋಗನಿರ್ಣಯದ ಕೈಪಿಡಿಗಳು ಈ ವಿಷಯದಲ್ಲಿ ಒಂದೇ ಮಾತಿಗೆ ನಿಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ 1994ರ ಆವೃತ್ತಿಯು ಜೀವಕ್ಕೆ ಕುತ್ತು ತರುವ ಕಾಯಿಲೆ ಪತ್ತೆಯಾಗುವುದನ್ನೂ ಆಘಾತಗಳ ಸಾಲಿಗೆ ಸೇರಿಸಿತ್ತು. 2013ರ ಆವೃತ್ತಿ ಅದನ್ನು ಬಿಗಿಗೊಳಿಸಿ, ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಾಗುವಂಥ ದಿಢೀರ್ ಅನಾಹುತಗಳನ್ನು ಮಾತ್ರ ಉಳಿಸಿಕೊಂಡು, ಗಂಭೀರ ಕಾಯಿಲೆಯಿದ್ದ ಮಾತ್ರಕ್ಕೆ ಅದು ಆಘಾತವಾಗಬೇಕಿಲ್ಲ ಎಂದಿತು. ರಾತ್ರಿ ಬೆಚ್ಚಿ ಏಳುವ ರೋಗಿಗೆ ಈ ತಿದ್ದುಪಡಿಯಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಅವರಿಗೆ ನೆರವು ಸಿಗುವುದೋ ಇಲ್ಲವೋ ಎಂಬುದು ಕೆಲವೊಮ್ಮೆ ಇಂಥ ಸಾಲುಗಳ ಮೇಲೆ ನಿಂತಿರುತ್ತದೆ. ಆ್ಯಪ್‌ನ ಮಟ್ಟಿಗೆ ಈ ತಕರಾರಿಲ್ಲ. ನಿಮಗೆ ಆದದ್ದು ಆಘಾತ ಹೌದೋ ಅಲ್ಲವೋ ಎಂದು ಅದು ಬಾಗಿಲಲ್ಲಿ ನಿಲ್ಲಿಸಿ ಕೇಳುವುದಿಲ್ಲ, ಮತ್ತು ಇದನ್ನು ನಾನು ಅದರ ಮೊದಲ ಗುಣವೆಂದೇ ಎಣಿಸುತ್ತೇನೆ.

ಆ್ಯಪ್‌ನಲ್ಲಿ ನಾಲ್ಕು ಭಾಗಗಳಿವೆ: ತಿಳಿಯುವುದು, ಲಕ್ಷಣಗಳ ಜಾಡು ಹಿಡಿಯುವುದು, ಲಕ್ಷಣಗಳನ್ನು ನಿಭಾಯಿಸುವುದು, ನೆರವು ಪಡೆಯುವುದು. ಹೆಚ್ಚು ಬಳಕೆಯಾಗುವುದು ನಿಭಾಯಿಸುವ ಭಾಗ. ಸದ್ಯ ಕಾಡುತ್ತಿರುವುದು ಏನು ಎಂಬುದನ್ನು ಅಲ್ಲಿ ಆರಿಸಬೇಕು: ಹಳೆಯದು ನೆನಪಾಯಿತೇ, ನಿದ್ದೆ ಬರುತ್ತಿಲ್ಲವೇ, ಸಿಟ್ಟು ಬಂದಿದೆಯೇ, ಕಳವಳವೇ, ಸುತ್ತಲಿನ ಜನರಿಂದ ದೂರವಾದಂತೆ ಅನ್ನಿಸುತ್ತಿದೆಯೇ. ಬಳಿಕ ಸಂಕಟದ ಮಟ್ಟವನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಗುರುತಿಸಿದರೆ ಆ್ಯಪ್ ಒಂದು ಅಭ್ಯಾಸವನ್ನು ಮುಂದಿಡುತ್ತದೆ. ಅಭ್ಯಾಸ ಮುಗಿದ ಮೇಲೆ ಮತ್ತೆ ಅದೇ ಅಳತೆ. ಒಗ್ಗದ ಅಭ್ಯಾಸವನ್ನು ಬದಿಗೆ ಸರಿಸಬಹುದು, ಒಗ್ಗಿದ್ದನ್ನು ಮೆಚ್ಚಿನ ಪಟ್ಟಿಗೆ ಹಾಕಿಕೊಳ್ಳಬಹುದು, ನಮ್ಮದೇ ಚಿತ್ರ ಮತ್ತು ಹಾಡುಗಳನ್ನು ಸೇರಿಸಿಕೊಳ್ಳಬಹುದು. ಕೈ ನಡುಗುವ ಹೊತ್ತಿನಲ್ಲೂ ಬಳಸಲಾಗುವಷ್ಟು ಸರಳವಾದ ವಿನ್ಯಾಸ. ಎರಡು ಬಾರಿ ಅಳೆಯುವ ಕ್ರಮ ಕೂಡ ಸಣ್ಣ ಸಂಗತಿಯಲ್ಲ: ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ನಂಬಿಕೊಂಡ ಮನಸ್ಸಿಗೆ, ಎಂಟರಲ್ಲಿದ್ದದ್ದು ಆರಕ್ಕೆ ಇಳಿದದ್ದು ತನ್ನದೇ ಬೆರಳಿನ ಸಾಕ್ಷಿಯೊಂದಿಗೆ ಕಾಣಿಸುತ್ತದೆ.

ತೊಡಕು ಆರಂಭವಾಗುವುದು ಅಭ್ಯಾಸಗಳ ಒಳಗೆ ಹೊಕ್ಕಾಗ. ‘ಆರ್‌ಐಡಿ’ ಎಂಬ ಹೆಸರಿನ ಒಂದು ಸಾಧನವಿದೆ: ಮೊದಲು ಸಡಿಲಗೊಳ್ಳಿ, ಬಳಿಕ ನಿಮ್ಮನ್ನು ಕೆಣಕಿದ್ದು ಏನೆಂದು ಗುರುತಿಸಿ, ಆಮೇಲೆ ಏನು ಮಾಡಬೇಕೆಂದು ನಿರ್ಧರಿಸಿ ಎಂಬುದು ಅದರ ಕ್ರಮ. ಗುರುತಿಸುವ ಹಂತದಲ್ಲಿ, ಈಗಿನ ಸಂದರ್ಭವು ಆಗಿನ ಆಘಾತಕ್ಕಿಂತ ಹೇಗೆ ಭಿನ್ನ ಎಂದು ಯೋಚಿಸಬೇಕಾಗುತ್ತದೆ. ಪಟಾಕಿಯ ಸದ್ದಿಗೆ ನೆಲಕ್ಕೆ ಬಾಗುವ ಮಾಜಿ ಸೈನಿಕನಿಗೆ ಇದು ಬಹಳ ಒಳ್ಳೆಯ ಪ್ರಶ್ನೆ. ಆಗಿನದು ಬಾಂಬು, ಇದು ಪಟಾಕಿ. ಆಗ ಇದ್ದದ್ದು ಯುದ್ಧದಲ್ಲಿ, ಈಗ ಇರುವುದು ಮನೆಯಲ್ಲಿ. ಅಪಾಯ ಹಿಂದೆ ಉಳಿದಿದೆ, ಇಂದಿನದು ಅದರ ನೆರಳು ಮಾತ್ರ ಎಂದು ಮನಸ್ಸಿಗೆ ತಿಳಿಹೇಳಲು ಅವನಿಗೆ ಆಧಾರವಿದೆ. ಎದೆಯ ಎಡಭಾಗದಲ್ಲಿ ಬಿಗಿತ ಕಾಣಿಸಿಕೊಂಡ ಹೃದ್ರೋಗಿಯು ಇದೇ ಪ್ರಶ್ನೆಗೆ ಏನು ಉತ್ತರಿಸಬೇಕು? ಆಗಲೂ ಹೀಗೆಯೇ ಆಗಿತ್ತು, ಈಗಲೂ ಅದೇ ಆಗಿರಬಹುದು, ಆಗಿರದೆಯೂ ಇರಬಹುದು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮುಂದಿನ ಸ್ಕ್ಯಾನಿಗಾಗಿ ಕಾಯುತ್ತಿರುವವರ ಭಯ ಹಿಂದಿನದರ ನೆನಪೊಂದೇ ಅಲ್ಲ, ಮುಂದೆ ಬರಬಹುದಾದ ಸುದ್ದಿಯದೂ ಹೌದು. ಅಪಾಯವು ಹೊರಗಿನ ಯಾವುದೋ ಸ್ಥಳದಲ್ಲಿ, ಮುಗಿದುಹೋದ ಕಾಲದಲ್ಲಿ ಇಲ್ಲದೆ, ದೇಹದ ಒಳಗೆ, ಬರಲಿರುವ ದಿನಗಳಲ್ಲಿ ಇರುವುದೇ ಕಾಯಿಲೆಯಿಂದಾದ ಪಿಟಿಎಸ್‌ಡಿಯ ವಿಶೇಷವೆಂದು ಈ ಕ್ಷೇತ್ರದ ಸಂಶೋಧಕರು ವಾದಿಸಿದ್ದಾರೆ. ಹೃದಯವನ್ನು ಬಿಟ್ಟು ದೂರ ಹೋಗಲಾಗದು. ಆ್ಯಪ್‌ನ ಬಹುಪಾಲು ಮಾತುಗಳು ಅಪಾಯ ಮುಗಿದಿದೆ ಎಂಬ ಊಹೆಯ ಮೇಲೆ ನಿಂತಿವೆ. ನನ್ನ ಮುಖ್ಯ ಆಕ್ಷೇಪವೂ ಅದೇ.

ಉಸಿರಾಟದ ಅಭ್ಯಾಸದಲ್ಲಿ ಇದು ಇನ್ನಷ್ಟು ನೇರವಾಗಿ ಅನುಭವಕ್ಕೆ ಬರುತ್ತದೆ. ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡುವುದು, ಪಾದದಿಂದ ತಲೆಯವರೆಗೆ ಗಮನವನ್ನು ಹರಿಸುತ್ತ ದೇಹವನ್ನು ಅವಲೋಕಿಸುವುದು, ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವುದು, ಇವೆಲ್ಲ ಬಹಳ ಜನರಿಗೆ ಹಿತವೆಂದು ಕಂಡುಬಂದ ವಿಧಾನಗಳು. ಆದರೆ ವೆಂಟಿಲೇಟರ್‌ನಲ್ಲಿದ್ದು ಬಂದವರಿಗೆ ಉಸಿರೇ ಆಘಾತದ ನೆನಪು. ಎದೆಮೂಳೆ ಸೀಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೂಳೆ ಕೂಡುವ ವಾರಗಳಲ್ಲಿ ಎದೆ ಮತ್ತು ಭುಜದ ಸ್ನಾಯುಗಳನ್ನು ಬಿಗಿಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಗಡ್ಡೆಯೊಂದನ್ನು ತಾವೇ ಬೆರಳಿಂದ ಮುಟ್ಟಿ ಕಂಡುಕೊಂಡವರಿಗೆ ದೇಹವನ್ನು ಅಂಗುಲ ಅಂಗುಲವಾಗಿ ಅವಲೋಕಿಸು ಎಂದರೆ ಅದು ವಿಶ್ರಾಂತಿಯ ಬದಲು ತಪಾಸಣೆಯಾಗುವ ಸಂಭವವಿದೆ. ನನಗೂ ಉಸಿರಿನ ಅಭ್ಯಾಸದಿಂದ ನಾಡಿಯ ಮೇಲಿನ ಗಮನ ಹೆಚ್ಚಿತೇ ಹೊರತು ಕಳವಳ ತಗ್ಗಲಿಲ್ಲ. ಒದಗಿದ್ದು ಗಮನವನ್ನು ದೇಹದಿಂದ ಹೊರಗೆ ಒಯ್ಯುವ ಅಭ್ಯಾಸಗಳು: ಮಳೆ, ಅಲೆ, ಕಾಡಿನ ಸದ್ದುಗಳನ್ನು ಆಲಿಸುವುದು, ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು, ಮನಸ್ಸಿನಲ್ಲಿ ಬೇರೊಂದು ಸ್ಥಳವನ್ನು ಕಲ್ಪಿಸಿಕೊಳ್ಳುವುದು. ಇವು ಆ್ಯಪ್‌ನಲ್ಲಿ ಇವೆ, ಚೆನ್ನಾಗಿಯೂ ಇವೆ. ಗಂಭೀರ ಕಾಯಿಲೆಯಿರುವವರು ಮೊದಲು ಇವನ್ನು ಹುಡುಕಿಕೊಂಡು ಮೆಚ್ಚಿನ ಪಟ್ಟಿಗೆ ಸೇರಿಸಿಟ್ಟುಕೊಳ್ಳುವುದು ಲೇಸು.

ಇಲ್ಲೊಂದು ಎಚ್ಚರಿಕೆಯನ್ನು ಸೇರಿಸದೆ ಮುಂದಕ್ಕೆ ಹೋಗಲಾಗದು. ಎದೆನೋವು, ಉಸಿರುಗಟ್ಟುವಿಕೆ, ಮುಖ ಅಥವಾ ಕೈಯ ಬಲಹೀನತೆ, ಮಾತಿನ ತೊದಲು ಕಾಣಿಸಿಕೊಂಡಾಗ ಅದು ದಿಗಿಲೋ ಕಾಯಿಲೆಯೋ ಎಂದು ತೀರ್ಮಾನಿಸುವ ಶಕ್ತಿ ಯಾವ ಆ್ಯಪ್‌ಗೂ ಇಲ್ಲ. ಅಂಥ ಹೊತ್ತಿನಲ್ಲಿ ವೈದ್ಯರು ಹೇಳಿಕೊಟ್ಟ ತುರ್ತು ಕ್ರಮ ಮೊದಲು, ಸಂಕಟದ ಅಳತೆ ಆಮೇಲೆ. ಯಾವ ಲಕ್ಷಣಕ್ಕೆ ಎಷ್ಟು ಹೊತ್ತು ಕಾಯಬಹುದು, ಯಾವುದಕ್ಕೆ ಕೂಡಲೇ ಹೊರಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಇಟ್ಟುಕೊಂಡವರಿಗೆ ಆ್ಯಪ್‌ನ ಉಪಯೋಗ ಹೆಚ್ಚು. ಏಕೆಂದರೆ ಆ ಬರಹವೇ ಅವರಿಗೆ ‘ಈಗಿನದು ಆಗಿನದಕ್ಕಿಂತ ಹೇಗೆ ಭಿನ್ನ’ ಎಂಬ ಪ್ರಶ್ನೆಗೆ ಉತ್ತರಿಸಲು ಬೇಕಾದ ಆಧಾರವನ್ನು ಕೊಡುತ್ತದೆ.

ಜಾಡು ಹಿಡಿಯುವ ಭಾಗದಲ್ಲಿ ಬಳಸಿರುವುದು ಮನೋವೈದ್ಯರೂ ಸಂಶೋಧಕರೂ ಬಳಸುವ ಪಿಸಿಎಲ್-5 ಎಂಬ ಪ್ರಶ್ನಾವಳಿಯನ್ನು. ಹಿಂದಿನ ಒಂದು ತಿಂಗಳಲ್ಲಿ ಪ್ರತಿಯೊಂದು ಲಕ್ಷಣ ಎಷ್ಟು ಕಾಡಿತು ಎಂದು ಕೇಳುವ 20 ಪ್ರಶ್ನೆಗಳು, ಪ್ರತಿಯೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 80. ಸಾಮಾನ್ಯವಾಗಿ 31ರಿಂದ 33ರ ಆಚೆಗಿನ ಅಂಕ ಬಂದರೆ ತಜ್ಞರನ್ನು ಕಾಣುವುದು ಒಳ್ಳೆಯದೆಂದು ಪರಿಗಣಿಸಲಾಗುತ್ತದೆ. ಕಾಲಕಾಲಕ್ಕೆ ತುಂಬಿದರೆ ಆ್ಯಪ್ ಅದನ್ನು ರೇಖಾಚಿತ್ರವಾಗಿ ತೋರಿಸುತ್ತದೆ. ಸಾಧನ ವಿಶ್ವಾಸಾರ್ಹವೇ. ಆದರೆ ಗಂಭೀರ ಕಾಯಿಲೆಯಿರುವವರ ಅಂಕವನ್ನು ಓದುವುದಕ್ಕೆ ಬೇರೆಯೇ ಎಚ್ಚರ ಬೇಕು, ಅದನ್ನು ಹೇಳಿಕೊಡುವ ಕೆಲಸವನ್ನು ಆ್ಯಪ್ ಮಾಡುವುದಿಲ್ಲ. ನಿದ್ದೆ ಬರುತ್ತಿಲ್ಲವೇ ಎಂಬ ಪ್ರಶ್ನೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಹೌದೆನ್ನುತ್ತಾರೆ. ಗಮನ ನಿಲ್ಲುತ್ತಿಲ್ಲವೇ ಎಂದರೆ ಕೀಮೋ ಪಡೆದವರಲ್ಲಿ ಬಹಳಷ್ಟು ಜನ ಹೌದೆನ್ನುತ್ತಾರೆ. ಹಿಂದೆ ಇಷ್ಟಪಡುತ್ತಿದ್ದ ಚಟುವಟಿಕೆಗಳಲ್ಲಿ ಆಸಕ್ತಿ ತಗ್ಗಿದೆಯೇ ಎಂಬುದಕ್ಕೆ, ಮೆಟ್ಟಿಲು ಹತ್ತಲಾಗದವರು ಯಾವ ಅರ್ಥದಲ್ಲಿ ಉತ್ತರಿಸಬೇಕು? ಕೆಲವು ಬೀಟಾ ಬ್ಲಾಕರ್ ಮಾತ್ರೆಗಳ ಅಡ್ಡಪರಿಣಾಮಗಳಲ್ಲಿ ಕೆಟ್ಟ ಕನಸುಗಳೂ ಸೇರಿವೆ, ಅದೇ ಮಾತ್ರೆಗಳು ಎದೆಬಡಿತವನ್ನು ತಗ್ಗಿಸುವುದರಿಂದ ನೆನಪಿನೊಡನೆ ಎದೆ ಹೊಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಬರಬೇಕಾದ ಅಂಕ ಕಡಿಮೆ ಬರಲೂಬಹುದು. ಹೀಗೆ ಒಂದು ಕಡೆ ಅಂಕ ಉಬ್ಬಿದರೆ ಇನ್ನೊಂದು ಕಡೆ ತಗ್ಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಡಕಿನದು, ಆಘಾತದ ಮುಖ್ಯ ಭಾಗಗಳನ್ನು ನೆನಪಿಸಿಕೊಳ್ಳಲು ಕಷ್ಟವಾಗುತ್ತಿದೆಯೇ ಎಂಬ ಪ್ರಶ್ನೆ. ಮಂಪರಿನ ಔಷಧದಲ್ಲಿ ದಿನಗಳನ್ನು ಕಳೆದವರಿಗೆ ಆ ದಿನಗಳ ನೆನಪು ಇಲ್ಲದಿರುವುದು ಔಷಧದ ಪರಿಣಾಮ, ಮನಸ್ಸು ಮರೆಮಾಚಿದ್ದಲ್ಲ. ಜೊತೆಗೆ ನಿಗಾ ಘಟಕದಲ್ಲಿ ಸನ್ನಿ ಹಿಡಿದವರಿಗೆ ನಡೆದದ್ದರ ಬದಲು ನಡೆಯದೇ ಇದ್ದದ್ದು ನೆನಪಿರುತ್ತದೆ: ದಾದಿಯರು ತಮ್ಮನ್ನು ಕೊಲ್ಲಲು ಸಂಚು ಹೂಡಿದ್ದರು, ಹಾಸಿಗೆಗೆ ಕಟ್ಟಿಹಾಕಿ ಎಲ್ಲಿಗೋ ಸಾಗಿಸುತ್ತಿದ್ದರು ಎಂಬಂಥವು. ಇಂಥ ಭ್ರಮೆಯ ನೆನಪುಗಳು ನಿಜವಾದ ನೆನಪುಗಳಿಗಿಂತ ಹೆಚ್ಚು ಕಾಲ, ಹೆಚ್ಚು ಸ್ಪಷ್ಟವಾಗಿ ಕಾಡುವುದುಂಟು. ಇದಕ್ಕೆ ಆ್ಯಪ್‌ನಲ್ಲಿ ಜಾಗವೇ ಇಲ್ಲ. ತಿಳಿಯುವ ಭಾಗದ ಲೇಖನಗಳು ಯುದ್ಧ, ಅಪಘಾತ, ಹಲ್ಲೆಗಳ ಬಗ್ಗೆ ಮಾತನಾಡುವಷ್ಟು ಧಾರಾಳವಾಗಿ ಆಸ್ಪತ್ರೆಯ ಬಗ್ಗೆ ಮಾತನಾಡುವುದಿಲ್ಲ. ತಾನು ಕಂಡದ್ದು ಸನ್ನಿಯಿಂದ, ಹಾಗೆ ಕಾಣುವುದು ಆ ಸ್ಥಿತಿಯಲ್ಲಿ ಸಾಮಾನ್ಯ ಎಂಬ ಒಂದು ಪುಟದ ವಿವರಣೆ ಸಿಕ್ಕಿದ್ದರೆ ಎಷ್ಟೋ ಜನರಿಗೆ ಉಸಿರಾಟದ ಹತ್ತು ಅಭ್ಯಾಸಗಳಿಗಿಂತ ಹೆಚ್ಚು ನೆಮ್ಮದಿ ಸಿಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಕೊರತೆಯನ್ನು ತುಂಬಲು ಕೆಲವು ಆಸ್ಪತ್ರೆಗಳಲ್ಲಿ ನಿಗಾ ಘಟಕದ ದಿನಚರಿ ಬರೆದಿಡುವ ಪದ್ಧತಿಯಿದೆ. ರೋಗಿ ಮಂಪರಿನಲ್ಲಿರುವಾಗ ದಾದಿಯರೂ ಮನೆಯವರೂ ಆಯಾ ದಿನ ನಡೆದದ್ದನ್ನು ಸರಳ ಮಾತಿನಲ್ಲಿ ಬರೆದು, ಚೇತರಿಸಿಕೊಂಡ ಮೇಲೆ ಅವರ ಕೈಗೆ ಕೊಡುತ್ತಾರೆ. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಬೆಳೆದ ಪದ್ಧತಿಯಿದು. ಯುರೋಪಿನ ಆರು ದೇಶಗಳ 352 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಚರಿಯನ್ನು ಬೇಗ ಪಡೆದವರಲ್ಲಿ ಹೊಸದಾಗಿ ಪಿಟಿಎಸ್‌ಡಿ ಕಾಣಿಸಿಕೊಂಡದ್ದು ಶೇ 5ರಷ್ಟು ಮಂದಿಯಲ್ಲಿ, ಪಡೆಯದವರಲ್ಲಿ ಶೇ 13ರಷ್ಟು. ಆದರೆ ಫ್ರಾನ್ಸಿನ 35 ನಿಗಾ ಘಟಕಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದಿನಚರಿಯನ್ನು ಮದ್ದೆಂದು ಕರೆಯಲಾಗದು. ಆದರೂ ನೆನಪಿನ ಜಾಗದಲ್ಲಿ ಖಾಲಿತನವಿರುವವರು ಆ್ಯಪ್‌ಗೆ ಮೊದಲು ಮನೆಯವರಿಂದ, ಆಸ್ಪತ್ರೆಯ ದಾಖಲೆಗಳಿಂದ ನಡೆದದ್ದನ್ನು ಕೇಳಿ ತಿಳಿದುಕೊಳ್ಳುವುದು ಒಳಿತೆಂದು ನನಗನ್ನಿಸುತ್ತದೆ. ಒಲ್ಲದವರನ್ನು ಒತ್ತಾಯಿಸಬಾರದು.

ತಪ್ಪಿಸಿಕೊಳ್ಳುವ ಪ್ರವೃತ್ತಿಯ ವಿಷಯಕ್ಕೆ ಬಂದರೆ, ಕಾಯಿಲೆಯ ಸಂದರ್ಭದಲ್ಲಿ ಅತ್ಯಂತ ಅಪಾಯಕಾರಿಯಾದ ಲಕ್ಷಣ ಇದೇ. ಯುದ್ಧದ ನೆನಪಿನಿಂದ ತಪ್ಪಿಸಿಕೊಳ್ಳುವವನು ಜನಜಂಗುಳಿಯನ್ನು, ಸುದ್ದಿ ವಾಹಿನಿಗಳನ್ನು ಬಿಡುತ್ತಾನೆ. ಬದುಕು ಕಿರಿದಾಗುತ್ತದೆ, ಆದರೆ ಪ್ರಾಣಕ್ಕೆ ನೇರ ಕುತ್ತಿಲ್ಲ. ಕಾಯಿಲೆಯ ನೆನಪಿನಿಂದ ತಪ್ಪಿಸಿಕೊಳ್ಳುವವರು ಬಿಡುವುದು ಆಸ್ಪತ್ರೆಯನ್ನು, ರಕ್ತಪರೀಕ್ಷೆಯನ್ನು, ದಿನದಿನವೂ ನುಂಗಬೇಕಾದ ಮಾತ್ರೆಯನ್ನು. ಮಾತ್ರೆಯ ಡಬ್ಬಿ ಪ್ರತಿ ಬೆಳಗ್ಗೆಯೂ ‘ನೀನು ಸಾಯುವುದರಲ್ಲಿದ್ದೆ’ ಎಂದು ನೆನಪಿಸುವುದಾದರೆ ಅದನ್ನು ಕಪಾಟಿನ ಹಿಂದಕ್ಕೆ ಸರಿಸುವುದು ಸೋಮಾರಿತನವಲ್ಲ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರ ನಡುವೆ ನಡೆದ ಅಧ್ಯಯನದಲ್ಲಿ, ಪಿಟಿಎಸ್‌ಡಿ ಲಕ್ಷಣಗಳು ಹೆಚ್ಚಿದ್ದವರು ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳದಿರುವ ಸಂಭವ ಗಣನೀಯವಾಗಿ ಹೆಚ್ಚಿತ್ತು. ಹೃದಯ ತಜ್ಞರು ಇದನ್ನು ನಿರ್ಲಕ್ಷ್ಯವೆಂದು ಬೈಯುವುದನ್ನು ನೋಡಿದಾಗಲೆಲ್ಲ ಈ ಪ್ರಶ್ನಾವಳಿಯ ಒಂದು ಪ್ರತಿ ಅವರ ಮೇಜಿನ ಮೇಲೂ ಇರಬಾರದೇ ಎನಿಸುತ್ತದೆ. ಆ್ಯಪ್ ಈ ಲಕ್ಷಣವನ್ನು ಹೆಸರಿಸುತ್ತದೆ, ಎದುರಿಸಬೇಕೆಂದೂ ಹೇಳುತ್ತದೆ. ಆದರೆ ಮುಂದಿನ ವಾರದ ಆಸ್ಪತ್ರೆ ಭೇಟಿಗೆ ಹೆಜ್ಜೆ ಹೆಜ್ಜೆಯಾಗಿ ಸಿದ್ಧಗೊಳಿಸುವಂಥ ಒಂದು ಅಭ್ಯಾಸ ಇದರಲ್ಲಿ ಇರಬೇಕಿತ್ತು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಆಧರಿಸಿ ಕ್ಯಾನ್ಸರ್ ರೋಗಿಗಳಿಗೆ ಹೊಂದುವಂಥ ‘ಕ್ಯಾನ್ಸರ್ ಡಿಸ್ಟ್ರೆಸ್ ಕೋಚ್’ ಎಂಬ ಆ್ಯಪ್ ಅನ್ನು ರೂಪಿಸಿ ಪರೀಕ್ಷಿಸಿದ್ದನ್ನು ನೋಡಿದರೆ, ಮೂಲ ಆ್ಯಪ್ ಹಾಗೆಯೇ ಸಾಲದು ಎಂಬುದು ಈ ಕ್ಷೇತ್ರದವರಿಗೂ ತಿಳಿದಿರುವಂತಿದೆ.

ನೆರವು ಪಡೆಯುವ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿನ ಸಹಾಯವಾಣಿಗಳು, ತಜ್ಞರನ್ನು ಹುಡುಕುವ ದಾರಿಗಳು ಅಮೆರಿಕಕ್ಕೆ ಸಂಬಂಧಪಟ್ಟವು. ಬೇರೆಡೆ ಇರುವವರಿಗೆ ಪ್ರಯೋಜನವಾಗುವುದು ನಮ್ಮದೇ ಸಂಪರ್ಕಗಳನ್ನು ಸೇರಿಸಿಕೊಳ್ಳುವ ಸೌಲಭ್ಯ ಮಾತ್ರ. ಅದನ್ನು ಮೊದಲ ದಿನವೇ ತುಂಬಿಟ್ಟುಕೊಳ್ಳಬೇಕು; ದಿಗಿಲಿನ ಹೊತ್ತಿನಲ್ಲಿ ಯಾರೂ ಸಂಖ್ಯೆ ಹುಡುಕುತ್ತ ಕೂರುವುದಿಲ್ಲ.

ಇದರಿಂದ ಉಪಯೋಗವಿದೆಯೇ ಎಂಬುದಕ್ಕೆ ಪುರಾವೆಗಳು ಇಲ್ಲದಿಲ್ಲ. ಆಘಾತಕ್ಕೊಳಗಾದ 120 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳು ಆ್ಯಪ್ ಬಳಸಿದವರ ಲಕ್ಷಣಗಳು ಸರದಿಗಾಗಿ ಕಾಯುತ್ತಿದ್ದವರಿಗಿಂತ ಹೆಚ್ಚು ತಗ್ಗಿದವು. ಆದರೆ ಏನೂ ಪಡೆಯದವರೊಂದಿಗೆ ಮಾಡಿದ ಹೋಲಿಕೆ ಇದು ಎಂಬುದನ್ನು ಮರೆಯಬಾರದು. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಗಳು, ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಚಿಕಿತ್ಸೆ, ಇವುಗಳಿಗಿರುವ ಬಲವಾದ ಆಧಾರ ಯಾವ ಆ್ಯಪ್‌ಗೂ ಇಲ್ಲ. ತಾನು ಚಿಕಿತ್ಸೆಗೆ ಬದಲಿಯಲ್ಲ ಎಂದು ಈ ಆ್ಯಪ್ ತಾನೇ ಹೇಳಿಕೊಳ್ಳುತ್ತದೆ. ನಾನು ಕಂಡಂತೆ ಇದರ ನಿಜವಾದ ಜಾಗ ಎರಡು ಭೇಟಿಗಳ ನಡುವಿನ ದಿನಗಳಲ್ಲಿ: ತಜ್ಞರ ಬಳಿ ಹೋಗುತ್ತಿರುವವರಿಗೆ ಊರುಗೋಲಾಗಿ, ಇನ್ನೂ ಹೋಗದವರಿಗೆ ಹೋಗಬೇಕೋ ಎಂದು ಅಳೆದುಕೊಳ್ಳುವ ಸಾಧನವಾಗಿ.

ಮನೆಯವರಿಗಾಗಿ ಇದೇ ಕೇಂದ್ರದ ‘ಪಿಟಿಎಸ್‌ಡಿ ಫ್ಯಾಮಿಲಿ ಕೋಚ್’ ಎಂಬ ಇನ್ನೊಂದು ಆ್ಯಪ್ ಇದೆ. ಅದು ಪಿಟಿಎಸ್‌ಡಿ ಇರುವವರೊಂದಿಗೆ ಬದುಕುವವರ ಕಷ್ಟವನ್ನು ಕುರಿತದ್ದು. ಆದರೆ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಕಾದವರಿಗೆ ತಮ್ಮದೇ ಆಘಾತವಿರುತ್ತದೆ: ಫ್ರಾನ್ಸಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ತಿಂಗಳ ಬಳಿಕ ವಿಚಾರಿಸಿದಾಗ ಇಂಥ ಬಂಧುಗಳಲ್ಲಿ ಮೂರರಲ್ಲಿ ಒಬ್ಬರಿಗೆ ಪಿಟಿಎಸ್‌ಡಿಯ ಅಪಾಯವನ್ನು ಸೂಚಿಸುವ ಲಕ್ಷಣಗಳಿದ್ದವು. ರೋಗಿಗೆ ಏನೂ ನೆನಪಿಲ್ಲದ ರಾತ್ರಿಗಳೆಲ್ಲ ಅವರಿಗೆ ನೆನಪಿರುತ್ತವೆ. ಅಂಥವರು ಫ್ಯಾಮಿಲಿ ಕೋಚ್‌ಗಿಂತ ಮೂಲ ಆ್ಯಪ್ ಅನ್ನೇ ತಮ್ಮ ಫೋನಿನಲ್ಲಿ ಹಾಕಿಕೊಂಡು, ತಮ್ಮ ಅಂಕವನ್ನು ತಾವು ನೋಡಿಕೊಳ್ಳುವುದು ಉತ್ತಮ. ಅವರ ಮಟ್ಟಿಗೆ ಪ್ರಶ್ನಾವಳಿಯ ಅಂಕ ಮಾತ್ರೆ, ಕೀಮೋಗಳ ಗೊಂದಲವಿಲ್ಲದೆ ಸಿಗುತ್ತದೆ ಕೂಡ.

ಬಳಸಲು ತೊಡಗುವ ಸಮಯದ ಬಗ್ಗೆ ಒಂದು ಮಾತು. ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದಾಗ ಮಾತ್ರ ಅಮೆರಿಕದ ಕೈಪಿಡಿ ಅದನ್ನು ಪಿಟಿಎಸ್‌ಡಿ ಎಂದು ಪರಿಗಣಿಸುತ್ತದೆ, ಪಿಸಿಎಲ್-5 ಕೇಳುವುದೂ ಹಿಂದಿನ ತಿಂಗಳ ಬಗ್ಗೆಯೇ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ನಿದ್ದೆಗೆಡುವುದು ಹೆಚ್ಚಿನವರಿಗೆ ಇದ್ದೇ ಇರುತ್ತದೆ, ಬಹಳಷ್ಟು ಜನರಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ಪ್ರಶ್ನಾವಳಿಯನ್ನು ಮುಟ್ಟದೆ ಅಭ್ಯಾಸಗಳನ್ನಷ್ಟೇ ಬಳಸಿ, ತಿಂಗಳು ಕಳೆದ ಮೇಲೆ ಮೊದಲ ಬಾರಿ ತುಂಬಿ, ಅಂಕ ಹೆಚ್ಚಿದ್ದರೆ ಆ ಪುಟವನ್ನು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೊಂದಿಗೆ ವೈದ್ಯರಿಗೆ ತೋರಿಸಬಹುದು. ಬದುಕು ಬೇಡವೆನ್ನಿಸುವ ಯೋಚನೆಗಳು ಬರುತ್ತಿದ್ದರೆ ಮಾತ್ರ ಯಾವ ಅಂಕಕ್ಕೂ ತಿಂಗಳಿಗೂ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.